ಪಂಚಾಯ್ತಿ, ಪುರಸಭೆ ಕಚೇರಿಯಲ್ಲಿ ಅಪ್ರೆಂಟಿಸ್ ಆಗೋದು: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿ ಮುಗಿಸಿದ ಮೇಲೆ ನಮ್ಮ ಜಿಲ್ಲೆಯ ಒಂದು ಸ್ಥಳೀಯ ಸಂಸ್ಥೆಯ ಕಚೇರಿಯಲ್ಲಿ ಒಂದು ವರ್ಷ ಅಪ್ರೆಂಟಿಸ್ ಆಗಿದ್ದೆ. ಆಡಳಿತ ವಿಭಾಗದಲ್ಲಿ. ಈಗ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಆದರೂ ಗೋಣಿಕೊಪ್ಪ ಬಸ್‌ಸ್ಟ್ಯಾಂಡಲ್ಲಿ, ಮದುವೆ ಮನೆ ಊಟದ ಸಾಲಲ್ಲಿ, ರಾತ್ರಿ ಫೋನಲ್ಲಿ ಅದೇ ಪ್ರಶ್ನೆಗಳು ಬರುತ್ತಲೇ ಇವೆ. ಕೇಳಿದವರ ಮಾತನ್ನು ಹಾಗೇ ಇಟ್ಟು ಉತ್ತರ ಬರೆದಿದ್ದೇನೆ.

## ಸೇರೋ ಮುಂಚೆ

ಅಕ್ಕಾ, ಇದು ಕೆಲಸಾನಾ, ಟ್ರೈನಿಂಗಾ?

ಟ್ರೈನಿಂಗ್. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಅಂದರೆ ಕಲಿಯೋಕೆ ಬಂದವರು, ನೌಕರರಲ್ಲ. ಕೈಗೆ ಬರೋದು ಸಂಬಳ ಅಲ್ಲ, ಸ್ಟೈಪೆಂಡ್. ಪಿಎಫ್, ಇಎಸ್‌ಐ ಇರುವುದಿಲ್ಲ. ವರ್ಷ ಮುಗಿದ ಮೇಲೆ ಅಲ್ಲೇ ಕೆಲಸ ಸಿಗುತ್ತದೆ ಅನ್ನೋ ಖಾತ್ರಿಯೂ ಇಲ್ಲ. ಇದನ್ನು ಮನೆಯಲ್ಲಿ ಅಪ್ಪ ಅಮ್ಮನಿಗೆ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ "ನಮ್ಮ ಮಗಳಿಗೆ ಗೌರ್ಮೆಂಟ್ ಕೆಲಸ ಆಯ್ತು" ಅಂತ ಊರಿಡೀ ಸುದ್ದಿಯಾಗಿ, ಆಮೇಲೆ ನೀವೇ ಮುಜುಗರ ಪಡಬೇಕಾಗುತ್ತದೆ. ನನಗಾಗಿದೆ.

ಅಪ್ರೆಂಟಿಸ್ ಅಂದ್ರೆ ಐಟಿಐ ಹುಡುಗರಿಗೆ ಅಲ್ವಾ? ಬಿ.ಎ., ಬಿ.ಕಾಂ. ಮಾಡಿದವರಿಗೂ ಇದೆಯಾ?

ಇದೆ. ಮೊದಲು ಫಿಟ್ಟರ್, ಎಲೆಕ್ಟ್ರೀಷಿಯನ್, ಆಮೇಲೆ ಎಂಜಿನಿಯರಿಂಗ್ ಓದಿದವರು, ಹೀಗೆ ಬೆಳೆಯುತ್ತಾ ಬಂತು. 2014ರ ತಿದ್ದುಪಡಿ ಬಂದ ಮೇಲೆ ಎಂಜಿನಿಯರಿಂಗ್ ಅಲ್ಲದ ಪದವೀಧರರೂ ಇದರೊಳಗೆ ಬಂದರು. ಐಟಿಐಯಲ್ಲಿ ಕೋಪಾ (ಕಂಪ್ಯೂಟರ್ ಆಪರೇಟರ್) ಟ್ರೇಡ್ ಮಾಡಿದವರಿಗೂ ಕಚೇರಿ ಕೆಲಸ ಹೊಂದುತ್ತದೆ. ಆದರೆ ಮುಂಚೆ ಎಲ್ಲಾದರೂ ಅಪ್ರೆಂಟಿಸ್ ಆಗಿದ್ದರೆ, ಅಥವಾ ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಕೆಲಸದ ಅನುಭವ ಇದ್ದರೆ, ಪದವೀಧರರ ಯೋಜನೆಯಲ್ಲಿ ತೆಗೆದುಕೊಳ್ಳುವುದಿಲ್ಲ.

ಹೊರಗುತ್ತಿಗೆ ಡಾಟಾ ಎಂಟ್ರಿ ಆಪರೇಟರ್ ಕೂಡ ಅದೇ ಮೇಜಲ್ಲಿ ಕೂತಿರ್ತಾರೆ. ಏನು ವ್ಯತ್ಯಾಸ?

ಅವರನ್ನು ಏಜೆನ್ಸಿ ಮೂಲಕ ಕೆಲಸಕ್ಕೆ ತಗೊಂಡಿರುತ್ತಾರೆ. ನಿಮ್ಮನ್ನು ಕಲಿಸೋಕೆ ತಗೊಂಡಿರುತ್ತಾರೆ, ಮತ್ತೆ ಅದಕ್ಕೊಂದು ಒಪ್ಪಂದ ಪೋರ್ಟಲ್‌ನಲ್ಲಿ ನೋಂದಣಿ ಆಗಿರುತ್ತದೆ. ಒಪ್ಪಂದ ಇಲ್ಲದೆ "ಸುಮ್ನೆ ಬಂದು ಕೂತ್ಕೊ, ಆಮೇಲೆ ನೋಡೋಣ" ಅಂದರೆ ಅದು ಅಪ್ರೆಂಟಿಸ್‌ಶಿಪ್ ಅಲ್ಲ, ಬಿಟ್ಟಿ ಚಾಕರಿ.

ಗ್ರಾಮ ಪಂಚಾಯ್ತಿ, ಪುರಸಭೆ, ಜಿಲ್ಲಾ ಪಂಚಾಯ್ತಿ... ಎಲ್ಲಿ ಸೇರಿದ್ರೆ ಒಳ್ಳೇದು?

ಆರಿಸಿಕೊಳ್ಳೋ ಅವಕಾಶ ಸಿಕ್ಕರೆ ನನ್ನ ಓಟು ಪುರಸಭೆಗೆ. ಯಾಕೆ ಅಂತ ಹೇಳ್ತೀನಿ.

ನಮ್ಮಲ್ಲಿ ಮಡಿಕೇರಿಯದು ನಗರಸಭೆ. ವಿರಾಜಪೇಟೆ, ಕುಶಾಲನಗರದ್ದು ಪುರಸಭೆ. ಸೋಮವಾರಪೇಟೆಯದು ಪಟ್ಟಣ ಪಂಚಾಯ್ತಿ. ಇವೆಲ್ಲ 1964ರ ಪುರಸಭೆಗಳ ಕಾಯ್ದೆಯ ಕೆಳಗೆ ಬರುತ್ತವೆ. ಹಳ್ಳಿ ಕಡೆ ಇರೋ ನೂರರ ಆಸುಪಾಸಿನ ಗ್ರಾಮ ಪಂಚಾಯ್ತಿ, ಅದರ ಮೇಲೆ ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ, ಇವು 1993ರ ಪಂಚಾಯತ್ ರಾಜ್ ಕಾಯ್ದೆಯ ಕೆಳಗೆ.

ಜಿಲ್ಲಾ ಪಂಚಾಯ್ತಿಯಲ್ಲಿ ಕಡತ ಜಾಸ್ತಿ, ಜನ ಕಡಿಮೆ. ಅಲ್ಲಿ ಸುತ್ತೋಲೆ, ವರದಿ, ಅನುದಾನದ ಲೆಕ್ಕ ಕಲಿಯಬಹುದು. ಆದರೆ 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯ್ತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನೋಡಿಕೊಂಡರು. ಸದಸ್ಯರು ಕೂತು ಜಗಳ ಆಡಿ ಠರಾವು ಮಾಡೋದನ್ನು ನೋಡದೆ ಸ್ಥಳೀಯ ಆಡಳಿತ ಅರ್ಥ ಆಗುವುದು ಕಷ್ಟ. ಗ್ರಾಮ ಪಂಚಾಯ್ತಿಯಲ್ಲಿ ಆಯ್ಕೆಯಾದ ಸದಸ್ಯರಿದ್ದರೆ ಇದೆಲ್ಲ ಕಣ್ಣೆದುರೇ ನಡೆಯುತ್ತದೆ. ಆದರೆ ಅಲ್ಲಿ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ), ಕಾರ್ಯದರ್ಶಿ ಅಥವಾ ಲೆಕ್ಕ ಸಹಾಯಕರು, ಬಿಲ್ ಕಲೆಕ್ಟರ್, ಆಪರೇಟರ್, ವಾಟರ್‌ಮ್ಯಾನ್, ಇಷ್ಟೇ ಜನ. ಪಿಡಿಒ ಮೀಟಿಂಗಿಗೆ ಮಡಿಕೇರಿಗೆ ಹೋದರೆ ಆ ದಿನ ನಿಮಗೆ ಹೇಳಿಕೊಡುವವರೇ ಇಲ್ಲ. ಪುರಸಭೆಯಲ್ಲಿ ಕಂದಾಯ, ಆರೋಗ್ಯ, ಲೆಕ್ಕ, ಎಂಜಿನಿಯರಿಂಗ್ ಅಂತ ಬೇರೆ ಬೇರೆ ಮೇಜು ಇರುತ್ತವೆ. ಎರಡೆರಡು ತಿಂಗಳು ಒಂದೊಂದರಲ್ಲಿ ಕೂರಬಹುದು.

## ಅರ್ಜಿ, ದುಡ್ಡು

ಅರ್ಜಿ ಎಲ್ಲಿ ಹಾಕೋದು? ಆಫೀಸಿಗೇ ಹೋಗಿ ಕೇಳಬಹುದಾ?

ಎರಡೂ ಮಾಡಿ. ಪದವಿ, ಡಿಪ್ಲೊಮಾದವರು ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಐಟಿಐ ಮಾಡಿದವರಿಗೆ ಬೇರೆ ಪೋರ್ಟಲ್ ಇದೆ. ನೋಂದಣಿಗೆ ದುಡ್ಡಿಲ್ಲ. ಆದರೆ ಎಲ್ಲ ಕಚೇರಿಯೂ ಪ್ರತಿ ವರ್ಷ ಅಪ್ರೆಂಟಿಸ್ ತಗೊಳ್ಳುತ್ತದೆ ಅಂತೇನಿಲ್ಲ. ಕಚೇರಿಯವರು ತಮಗೆ ಇಷ್ಟು ಜನ ಬೇಕು ಅಂತ ಪೋರ್ಟಲ್‌ನಲ್ಲಿ ಹಾಕಿದರೆ ಮಾತ್ರ ಜಾಗ ಇದೆ ಅಂತ ಅರ್ಥ. ಅದಕ್ಕೇ ಮುಖ್ಯಾಧಿಕಾರಿಯನ್ನೋ ಮ್ಯಾನೇಜರನ್ನೋ ಹೋಗಿ ಕೇಳಿ. ಬೆಳಿಗ್ಗೆ ಹತ್ತೂವರೆಗೆ ಹೋಗಬೇಡಿ, ಆಗ ಜನ ತುಂಬಿರುತ್ತಾರೆ. ಮಧ್ಯಾಹ್ನ ಮೂರರ ಮೇಲೆ ಹೋಗಿ.

ನಗರ ಸ್ಥಳೀಯ ಸಂಸ್ಥೆಗಳಿಗೆ ಟುಲಿಪ್ ಅನ್ನೋ ಇಂಟರ್ನ್‌ಶಿಪ್ ಕೂಡ ಇದೆ. 2020ರ ಜೂನ್‌ನಲ್ಲಿ ಶುರುವಾದದ್ದು. ಪದವಿ ಮುಗಿಸಿ 18 ತಿಂಗಳೊಳಗಿನ ಹೊಸಬರಿಗೆ, 8 ವಾರದಿಂದ ಒಂದು ವರ್ಷದವರೆಗೆ. ಇದು ಅಪ್ರೆಂಟಿಸ್ ಕಾಯ್ದೆಯದ್ದಲ್ಲ. ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ.

ಎಷ್ಟು ಕೊಡ್ತಾರೆ? ಅದರಲ್ಲಿ ಮಡಿಕೇರಿಯಲ್ಲಿ ರೂಮ್ ಮಾಡ್ಕೊಂಡು ಇರೋಕಾಗುತ್ತಾ?

2019ರ ತಿದ್ದುಪಡಿ ನಿಯಮಗಳಲ್ಲಿ ತಿಂಗಳಿಗೆ ಕನಿಷ್ಠ ಅಂತ ಹೇಳಿದ್ದು ಪದವೀಧರರಿಗೆ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000, ಐಟಿಐಯವರಿಗೆ 7,000. ನಿಮ್ಮ ಮಟ್ಟಿಗೆ ಒಪ್ಪಂದದಲ್ಲಿ ಬರೆದ ಅಂಕಿಯೇ ಲೆಕ್ಕ. ಸಹಿ ಹಾಕೋ ಮುಂಚೆ ಓದಿ. ನ್ಯಾಟ್ಸ್‌ನಲ್ಲಿ ಕನಿಷ್ಠ ಸ್ಟೈಪೆಂಡ್‌ನ ಅರ್ಧ ಪಾಲು ಕೇಂದ್ರದ್ದು. ಆಧಾರ್ ಜೋಡಣೆ ಆದ ಬ್ಯಾಂಕ್ ಖಾತೆ ಬೇಕೇ ಬೇಕು.

ರೂಮ್ ಮಾತು ಬಿಡಿ. ಹೋಂಸ್ಟೇ ಊರಲ್ಲಿ ಬಾಡಿಗೆ ಕೊಟ್ಟು, ಊಟ ಮಾಡಿ, ಕೈಯಲ್ಲಿ ಏನೂ ಉಳಿಯುವುದಿಲ್ಲ. ಮನೆಯಿಂದ ಓಡಾಡೋಕೆ ಆಗುವ ಕಚೇರಿ ನೋಡಿಕೊಳ್ಳಿ. ಅದೂ ಬೆಳಗಿನ ಬಸ್ ಎಷ್ಟೊತ್ತಿಗೆ, ಸಂಜೆ ಕೊನೇ ಬಸ್ ಎಷ್ಟೊತ್ತಿಗೆ ಅಂತ ಕೇಳಿಕೊಂಡು. ನಮ್ಮ ಜಿಲ್ಲೆಗೆ ರೈಲಿಲ್ಲ, ಕೊನೇ ಬಸ್ ತಪ್ಪಿದರೆ ಜೀಪೇ ಗತಿ.

ಯುವನಿಧಿ 3,000 ಬರ್ತಿದೆ. ಅಪ್ರೆಂಟಿಸ್ ಆದ್ರೆ ನಿಲ್ಲುತ್ತಾ?

ನಿಲ್ಲುತ್ತದೆ. ಅಪ್ರೆಂಟಿಸ್ ಸ್ಟೈಪೆಂಡ್ ತಗೊಳ್ಳುವವರು ಯುವನಿಧಿಗೆ ಅರ್ಹರಲ್ಲ. ಎರಡೂ ಬರಲಿ ಅಂತ ಸುಳ್ಳು ಘೋಷಣೆ ಕೊಡಬೇಡಿ. ಎರಡೂ ನಿಮ್ಮ ಆಧಾರ್‌ಗೇ ಜೋಡಣೆ ಆಗಿರುತ್ತವೆ.

ಒಬ್ರು ಸೇರಿಸ್ತೀನಿ ಅಂತ ದುಡ್ಡು ಕೇಳ್ತಿದ್ದಾರೆ. ಕೊಡ್ಲಾ?

ಬೇಡ. ಒಂದು ರೂಪಾಯಿಯೂ ಬೇಡ.

## ಸೇರಿದ ಮೇಲೆ

ಮೊದಲ ವಾರ ಏನು ಮಾಡಿಸ್ತಾರೆ?

ಟಪಾಲು. ಬಂದ ಪತ್ರ ಒಡೆಯೋದು, ಸೀಲು ಹಾಕೋದು, ಆವಕ ರಿಜಿಸ್ಟರಲ್ಲಿ ನಂಬರ್ ಹಾಕಿ ಬರೆಯೋದು, ಸಂಬಂಧಪಟ್ಟ ಮೇಜಿಗೆ ಕೊಡೋದು. ಹೊರಗೆ ಹೋಗೋದನ್ನು ಜಾವಕದಲ್ಲಿ ಬರೆಯೋದು. ಇ-ಆಫೀಸ್ ಬಂದ ಕಡೆ ಇದೇ ಕೆಲಸ ಸ್ಕ್ಯಾನರ್ ಮುಂದೆ ನಡೆಯುತ್ತದೆ, ಅಷ್ಟೇ. ಇದರಲ್ಲೇನಿದೆ ಅಂತ ಅನ್ನಿಸುತ್ತದೆ. ಆದರೆ ಒಂದು ಅರ್ಜಿ ಯಾವ ಮೇಜಿಗೆ ಹೋಗಬೇಕು ಅಂತ ನೋಡಿದ ಕೂಡಲೇ ಹೇಳೋಕೆ ಬಂದರೆ ಕಚೇರಿ ಅರ್ಧ ಕಲಿತಂತೆ.

ಬರೀ ಜೆರಾಕ್ಸ್ ಮಾಡಿಸ್ತಾರೆ, ಟೀ ತರೋಕೆ ಕಳಿಸ್ತಾರೆ. ಏನೂ ಕಲಿಸ್ತಿಲ್ಲ. ಏನು ಮಾಡ್ಲಿ?

ಇದು ಎಲ್ಲರೂ ಕೇಳೋ ಪ್ರಶ್ನೆ. ಸರ್ಕಾರಿ ಕಚೇರಿಯಲ್ಲಿ ಯಾರೂ ಪಾಠ ಮಾಡುವುದಿಲ್ಲ. ನಾನು ಕಲಿತದ್ದು ಒಂದು ತಪ್ಪಿನಿಂದ.

ಎರಡನೇ ವಾರ. ಒಬ್ಬರು ಅಜ್ಜ ಖಾತೆ ಬದಲಾವಣೆ ಅರ್ಜಿ ಕೊಟ್ಟು ಹೋಗಿದ್ದರು. ಅದನ್ನು ನಾನು ಆವಕದಲ್ಲಿ ಸರಿಯಾಗಿಯೇ ಬರೆದೆ. ಆದರೆ ಕಂದಾಯದ ಮೇಜಿಗೆ ಹೋಗಬೇಕಾದ್ದನ್ನು ನೀರಿನ ಸಂಪರ್ಕದ ಕಡತದೊಳಗೆ ಇಟ್ಟುಬಿಟ್ಟೆ. ಮೂರು ವಾರ ಬಿಟ್ಟು ಅಜ್ಜ ಬಂದರು. "ನಿಮ್ಮ ಅರ್ಜಿ ಬಂದೇ ಇಲ್ಲ" ಅಂದರು ಮೇಜಿನವರು. ಮತ್ತೆ ಹದಿನೈದು ದಿನ ಬಿಟ್ಟು ಬಂದರು. ಎರಡು ಬಸ್ ಬದಲಾಯಿಸಿ, ಮಳೆಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ನಾವು ಕೊಟ್ಟ ಸ್ವೀಕೃತಿ ಚೀಟಿ ಮಡಚಿ ಇಟ್ಟುಕೊಂಡು. ಚೀಟಿಯ ಮೇಲಿದ್ದದ್ದು ನನ್ನದೇ ಅಕ್ಷರ. ಹುಡುಕಿ ತೆಗೆದು ಕೊಟ್ಟೆ. ಅಜ್ಜ ಬೈಯಲಿಲ್ಲ, "ಸಿಕ್ತಲ್ಲ ಮಗಳೇ" ಅಂದರು. ಬೈದಿದ್ದರೆ ವಾಸಿಯಿತ್ತು.

ಆ ದಿನದಿಂದ ಒಂದು ಅಭ್ಯಾಸ ಮಾಡಿಕೊಂಡೆ. ವಾರಕ್ಕೆ ಒಂದು ಅರ್ಜಿ ಆರಿಸಿ, ಅದರ ಬೆನ್ನು ಹಿಡಿಯೋದು. ಯಾವ ಮೇಜಿಗೆ ಹೋಯಿತು, ಎಷ್ಟು ದಿನ ಕೂತಿತು, ಯಾರು ಏನು ಬರೆದರು, ಯಾಕೆ ವಾಪಸ್ ಬಂತು, ಸ್ಥಳ ಪರಿಶೀಲನೆಗೆ ಯಾರು ಹೋದರು, ಕೊನೆಗೆ ಸಹಿ ಯಾರದ್ದು. ಒಂದು ನೋಟ್‌ಬುಕ್‌ನಲ್ಲಿ ದಿನಾಂಕದ ಸಮೇತ ಬರೆದೆ. ಅರ್ಜಿದಾರರ ಹೆಸರು ಬರೆಯಲಿಲ್ಲ, ಆವಕ ನಂಬರ್ ಮಾತ್ರ. ಜೆರಾಕ್ಸ್ ಮಾಡುವಾಗ ಆ ಹಾಳೆ ಓದಿ. ಮಾಡಿಸೋಕೆ ಕಳಿಸಿದವರಿಗೆ ವಾಪಸ್ ಕೊಡುವಾಗ ಒಂದೇ ಒಂದು ಪ್ರಶ್ನೆ ಕೇಳಿ: "ಸರ್, ಇದು ಇಲ್ಲಿಂದ ಎಲ್ಲಿಗೆ ಹೋಗುತ್ತೆ?" ಬಿಡುವಿದ್ದರೆ ಉತ್ತರ ಹೇಳದವರು ಕಡಿಮೆ. ತಮ್ಮ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ಯಾರಿಗೆ ಖುಷಿ ಆಗಲ್ಲ?

ಟೀ ವಿಷಯ: ಎಲ್ಲರೂ ಸರದಿಯಲ್ಲಿ ತರುತ್ತಿದ್ದರೆ ನೀವೂ ತನ್ನಿ. ದಿನಾ ನೀವೇ ಆದರೆ ಒಪ್ಪಂದದಲ್ಲಿರೋ ತರಬೇತಿಯ ಪಟ್ಟಿ ತೋರಿಸಿ ಮ್ಯಾನೇಜರ್ ಹತ್ತಿರ ಮಾತಾಡಿ.

ಟೈಪಿಂಗ್ ಇಂಗ್ಲಿಷ್ ಮಾತ್ರ ಬರುತ್ತೆ. ನುಡಿ ಕಲಿಯಲೇಬೇಕಾ?

ಕಲಿಯಲೇಬೇಕು. ನುಡಿ ಅಂದರೆ ಕನ್ನಡ ಟೈಪಿಂಗ್ ತಂತ್ರಾಂಶ, ಮತ್ತೆ ಪಂಚಾಯ್ತಿ, ಪುರಸಭೆಯ ಪತ್ರ ವ್ಯವಹಾರ ಕನ್ನಡದಲ್ಲೇ. ಫೋನಲ್ಲಿ ಮಾತಾಡಿ ಟೈಪ್ ಮಾಡಿ ಕಳಿಸೋದು ಕಚೇರಿಯಲ್ಲಿ ನಡೆಯಲ್ಲ. ದಿನಾ ಅರ್ಧ ಗಂಟೆಯಂತೆ ಒಂದೂವರೆ ತಿಂಗಳು ಕೂತರೆ ಕೈ ಕೂರುತ್ತದೆ. ಜೊತೆಗೆ ಹಳೇ ನುಡಿ ಅಕ್ಷರವನ್ನು ಯೂನಿಕೋಡ್‌ಗೆ ಬದಲಾಯಿಸೋದು ಕಲಿಯಿರಿ. ಇಲ್ಲಿ ಚೆನ್ನಾಗಿದ್ದ ಪತ್ರ ಅಲ್ಲಿ ತೆರೆದರೆ ಬರೀ ಚಿಹ್ನೆಗಳು ಕಾಣೋ ತಾಪತ್ರಯ ಪ್ರತಿ ಕಚೇರಿಯಲ್ಲೂ ಇದೆ. ಅದನ್ನು ಸರಿ ಮಾಡಿಕೊಟ್ಟವರಿಗೆ ಸಿಗೋ ಮರ್ಯಾದೆಯೇ ಬೇರೆ.

ನನಗೆ ಕೊಡವ ತಕ್ಕ್ ಬರಲ್ಲ, ಮಲಯಾಳ ಬರಲ್ಲ. ಕೌಂಟರಲ್ಲಿ ಕಷ್ಟ ಆಗುತ್ತಾ?

ಕಾಗದ ಕನ್ನಡದಲ್ಲಿರುತ್ತದೆ, ಮಾತು ಹತ್ತು ಥರ ಇರುತ್ತದೆ. ಕೊಡವ ತಕ್ಕ್, ಅರೆಭಾಷೆ, ತುಳು, ಕುಟ್ಟ ಕಡೆಯವರ ಮಲಯಾಳ, ಹಾಡಿಯಿಂದ ಬಂದವರ ಎರವ ಭಾಷೆ. ಎಲ್ಲ ಕಲಿಯೋಕೆ ಆಗಲ್ಲ. "ಕೂತ್ಕೊಳ್ಳಿ", "ಯಾವ ಊರು", "ಯಾವ ಕಾಗದ ತಂದಿದ್ದೀರಿ", "ನಾಳೆ ಬರಬೇಡಿ, ಮುಂದಿನ ವಾರ ಬನ್ನಿ", ಈ ನಾಲ್ಕು ಮಾತು ಕಲಿತರೆ ಸಾಕು. ಅಕ್ಷರ ಬಾರದವರಿಗೆ ಅರ್ಜಿ ಬರೆದುಕೊಡುವಾಗ ಅವರು ಹೇಳಿದ್ದನ್ನೇ ಬರೆಯಿರಿ. ಬರೆದದ್ದನ್ನು ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು.

ಮಳೆಗಾಲದಲ್ಲಿ ಶಾಲೆಗೆ ರಜೆ ಕೊಟ್ರೆ ನಮಗೂ ರಜೆ ಅಲ್ವಾ?

ಅಲ್ಲ! ಶಾಲೆಗೆ ರಜೆ ಅಂದರೆ ಕಚೇರಿಗೆ ಡಬಲ್ ಕೆಲಸ. 2018ರ ಆಗಸ್ಟ್‌ನ ಭೂಕುಸಿತ ಆದ ಮೇಲಂತೂ ಜೂನ್ ಬಂತೆಂದರೆ ಇಡೀ ಜಿಲ್ಲೆ ಎಚ್ಚರ ಇರುತ್ತದೆ. ಕಂಟ್ರೋಲ್ ರೂಮ್ ಫೋನ್, ಮರ ಬಿದ್ದ ಮನೆಗಳ ಪಟ್ಟಿ, ಕಾಳಜಿ ಕೇಂದ್ರದಲ್ಲಿ ಇರುವವರ ಲೆಕ್ಕ, ಮೇಲಿನವರಿಗೆ ಹೊತ್ತು ಹೊತ್ತಿಗೆ ವರದಿ. ಕರೆ ಬಂದಾಗ ಟೈಮ್, ಊರು, ಮನೆಯಲ್ಲಿ ಎಷ್ಟು ಜನ, ವಾಪಸ್ ಫೋನ್ ಮಾಡೋ ನಂಬರ್, ಇಷ್ಟು ಬರೆಯದೆ ಫೋನ್ ಇಡಬೇಡಿ. ಕರೆಂಟ್ ಹೋಗುತ್ತದೆ, ನೆಟ್‌ವರ್ಕ್ ಹೋಗುತ್ತದೆ. ಅದಕ್ಕೇ ಕೈಬರಹದ ರಿಜಿಸ್ಟರ್ ಇಟ್ಟಿರಿ. ಕಡತಕ್ಕೆ ಬೂಷ್ಟು ಹಿಡಿಯುತ್ತದೆ, ಗೋಡೆಗೆ ಒರಗಿಸಿ ಇಡಬೇಡಿ.

ಸ್ಥಳ ಪರಿಶೀಲನೆಗೆ ಕರೆದರೆ ಒಬ್ಬರೇ ಹೋಗಬೇಡಿ. ತರಬೇತಿ ಕೆಲಸದಲ್ಲಿ ಪೆಟ್ಟಾದರೆ ಪರಿಹಾರದ ಹೊಣೆ ಕಚೇರಿಯದ್ದು ಅಂತ ಕಾಯ್ದೆಯಲ್ಲೇ ಇದೆ. ಆದರೂ ಕುಸಿಯೋ ಬರೆ (ಮಣ್ಣಿನ ದಿಬ್ಬ) ಹತ್ತಿರ ಫೋಟೋ ತೆಗೆಯೋ ಧೈರ್ಯ ನಿಮಗೆ ಬೇಡ.

ಕೈಲ್‌ಪೊಳ್ದ್, ಹುತ್ತರಿ ಹಬ್ಬಕ್ಕೆ ರಜೆ ಸಿಗುತ್ತಾ?

ರಜೆ, ಕೆಲಸದ ಹೊತ್ತು ಎರಡನ್ನೂ ಕಚೇರಿಯೇ ಗೊತ್ತು ಮಾಡುತ್ತದೆ. ಕಚೇರಿಗೆ ರಜೆ ಇದ್ದ ದಿನ ನಿಮಗೂ ರಜೆ. ಉಳಿದದ್ದಕ್ಕೆ ಮೊದಲೇ ಬರೆದು ಕೊಡಿ. ಕಾಫಿ ಕುಯ್ಲಿಗೆ ಮನೆಯಲ್ಲಿ ಆಳಿಲ್ಲ ಅಂತ ವಾರಗಟ್ಟಲೆ ಹೋದರೆ ಹಾಜರಾತಿ ಕಡಿಮೆಯಾಗಿ ಸ್ಟೈಪೆಂಡ್‌ಗೆ ಪೆಟ್ಟು.

## ಸ್ವಲ್ಪ ಪಳಗಿದ ಮೇಲೆ

ಜನ ಬಂದು ಆರ್‌ಟಿಸಿ, ಜಾತಿ ಸರ್ಟಿಫಿಕೇಟ್ ಎಲ್ಲ ನಮ್ಮನ್ನೇ ಕೇಳ್ತಾರೆ. ಏನು ಹೇಳೋದು?

ಆರ್‌ಟಿಸಿ, ಪೋಡಿ (ಜಮೀನು ಅಳೆದು ಭಾಗ ಮಾಡೋದು), ಜಾತಿ, ಆದಾಯ, ಇವೆಲ್ಲ ಕಂದಾಯ ಇಲಾಖೆಯದ್ದು. ನಾಡಕಚೇರಿ ಅಥವಾ ತಹಶೀಲ್ದಾರ್ ಕಚೇರಿಗೆ ಕಳಿಸಿ. ಮನೆ ಕಂದಾಯ, ನೀರು, ಬೀದಿ ದೀಪ, ಕಟ್ಟಡದ ಪರವಾನಗಿ, ವ್ಯಾಪಾರದ ಲೈಸೆನ್ಸ್, ಹಳ್ಳಿ ಕಡೆ ಆಸ್ತಿಯ ನಮೂನೆ 9, 11ಬಿ ನಿಮ್ಮ ಕಡೆಯವು. ಪಟ್ಟಣದಲ್ಲಾದರೆ ಜನನ ಮರಣ ನೋಂದಣಿಯೂ ಅಲ್ಲೇ. 21 ದಿನದೊಳಗೆ ಬಂದರೆ ಸಲೀಸು, ದಾಟಿದರೆ ತಡದ ಶುಲ್ಕ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ. ಕೊಡಗಿನ ಹಳೇ ವಂಶಪಾರಂಪರ್ಯ ಹಿಡುವಳಿ ಜಮ್ಮಾ ಬಾಣೆಯ ಮಾತು ಬಂದರೆ ಮಾತ್ರ ನಿಮ್ಮ ಅಭಿಪ್ರಾಯ ಹೇಳೋಕೆ ಹೋಗಬೇಡಿ. ವಕೀಲರೇ ತಲೆ ಕೆರೆದುಕೊಳ್ಳೋ ವಿಷಯ ಅದು.

ಟಿಪ್ಪಣಿ ಬರಿ ಅಂದ್ರು. ಹೇಗೆ ಶುರು ಮಾಡೋದು?

ನಾಲ್ಕು ಸಾಲು ಸಾಕು. ಏನು ಕೇಳಿದ್ದಾರೆ, ಏನು ಕೊಟ್ಟಿದ್ದಾರೆ, ಏನು ಕೊಟ್ಟಿಲ್ಲ, ಈಗ ಏನು ಮಾಡಬಹುದು. ಹೀಗೆ:

"ಅರ್ಜಿದಾರರು ವಾರ್ಡ್ 6ರ ಮನೆಗೆ ನೀರಿನ ಸಂಪರ್ಕ ಕೋರಿರುತ್ತಾರೆ. ಅರ್ಜಿಯೊಂದಿಗೆ ಕಂದಾಯ ರಸೀದಿ ಲಗತ್ತಿಸಿರುತ್ತಾರೆ. ರಸ್ತೆ ಅಗೆತದ ಶುಲ್ಕ ಪಾವತಿಸಿರುವುದಿಲ್ಲ. ಶುಲ್ಕ ಪಾವತಿಸಲು ಹಿಂಬರಹ ನೀಡಬಹುದೇ, ಆದೇಶಕ್ಕಾಗಿ ಮಂಡಿಸಿದೆ."

ಹಿಂಬರಹ ಅಂದರೆ ಅರ್ಜಿದಾರರಿಗೆ ಕಚೇರಿ ಕೊಡೋ ಲಿಖಿತ ಉತ್ತರ. ಮನೆಯಲ್ಲಿ ಯಾರೂ "ಕೋರಿರುತ್ತಾರೆ" ಅನ್ನಲ್ಲ, ನಿಜ. ಆದರೆ ಈ ಅಚ್ಚಿನಲ್ಲಿ ಒಂದು ಅನುಕೂಲ ಇದೆ: ನಿಮ್ಮ ಕೋಪ, ಕನಿಕರ ಎರಡೂ ಒಳಗೆ ನುಸುಳುವುದಿಲ್ಲ. ಹಳೇ ಕಡತಗಳಲ್ಲಿ ಒಳ್ಳೆಯ ಟಿಪ್ಪಣಿ ಬರೆದವರು ಇರುತ್ತಾರೆ, ಹುಡುಕಿ ಓದಿ. ಉಲ್ಲೇಖದ ನಂಬರ್, ದಿನಾಂಕ ಎರಡು ಸಲ ನೋಡಿ.

ಸಕಾಲ, ಆರ್‌ಟಿಐ ಅರ್ಜಿ ಬಂದ್ರೆ ಎಲ್ಲರೂ ಯಾಕೆ ಗಡಿಬಿಡಿ ಮಾಡ್ತಾರೆ?

ದಿನ ಎಣಿಸೋ ಅರ್ಜಿಗಳು ಅವು. ಸಕಾಲ 2011ರ ಕಾಯ್ದೆ. ಪ್ರತಿ ಸೇವೆಗೂ ಇಷ್ಟು ದಿನ ಅಂತ ಗಡುವು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಅರ್ಜಿದಾರರಿಗೆ ಪರಿಹಾರ. ಆರ್‌ಟಿಐ 2005ರದ್ದು, 30 ದಿನದೊಳಗೆ ಉತ್ತರ. ಎರಡನ್ನೂ ಬಂದ ದಿನವೇ ಆವಕಕ್ಕೆ ಹಾಕಿ, ಬಂದ ದಿನವೇ ಮೇಜಿಗೆ ತಲುಪಿಸಿ. ಆರ್‌ಟಿಐ ಉತ್ತರಕ್ಕೆ ಸಹಿ ಮಾಹಿತಿ ಅಧಿಕಾರಿಯದ್ದೇ ಆಗಬೇಕು. ನೀವು ಕಡತ ಹುಡುಕಿ, ಪುಟ ಎಣಿಸಿ, ಕರಡು ಬರೆದುಕೊಡಬಹುದು. ಅರ್ಜಿ ಹಾಕಿದವರು ಯಾರು ಅಂತ ಟೀ ಅಂಗಡಿಯಲ್ಲಿ ಹೇಳಬೇಡಿ. ಸಣ್ಣ ಊರು, ಸಂಜೆಯೊಳಗೆ ಅವರ ಮನೆಗೇ ಮುಟ್ಟುತ್ತದೆ.

ಸಾಹೇಬರು ಡಿಎಸ್‌ಸಿ ಕೀ ಕೈಗೆ ಕೊಟ್ಟು, "ಪಿನ್ ಇದು, ನೀನೇ ಹಾಕಿಬಿಡು" ಅಂತಾರೆ. ಹಾಕಬಹುದಾ?

ಬೇಡ. ಡಿಎಸ್‌ಸಿ ಕೀ ಇರೋದು ಡಿಜಿಟಲ್ ಸಹಿ ಹಾಕೋಕೆ, ಡಿಜಿಟಲ್ ಸಹಿ ಅಂದರೆ ಸಹಿಯೇ. ಪೆನ್ನಲ್ಲಿ ಅವರ ಸಹಿ ನೀವು ಹಾಕುತ್ತೀರಾ? ಇಲ್ಲ ಅಲ್ವಾ. ಆದರೆ "ಆಗಲ್ಲ ಸರ್" ಅಂತ ಮುಖಕ್ಕೆ ಹೇಳೋದೂ ಕಷ್ಟ. ನಾನು ಮಾಡುತ್ತಿದ್ದದ್ದು ಹೀಗೆ: ಎಲ್ಲ ಅರ್ಜಿ ಪರಿಶೀಲಿಸಿ, ಸಹಿಯ ಹಂತದವರೆಗೆ ತಂದು, ಪಟ್ಟಿ ಮಾಡಿ, "ಸರ್, ಹನ್ನೆರಡು ರೆಡಿ ಇದೆ, ಐದು ನಿಮಿಷ ಕೂತರೆ ಮುಗಿಯುತ್ತೆ" ಅನ್ನುತ್ತಿದ್ದೆ. ಹೆಚ್ಚಿನ ಸಲ ಬಂದು ಕೂತರು. ಬೇರೆಯವರ ಲಾಗಿನ್‌ನಲ್ಲಿ ಆದ ತಪ್ಪು ನಿಮ್ಮ ತಲೆಗೆ ಬಂದರೆ ಬಿಡಿಸಿಕೊಳ್ಳೋಕೆ ದಾರಿ ಇಲ್ಲ.

ಕೆಲಸ ಆಯ್ತು ಅಂತ ಖುಷಿಯಿಂದ ಕರಿಮೆಣಸು, ಕಿತ್ತಳೆ ತಂದುಕೊಡ್ತಾರೆ. ಅದೂ ತಪ್ಪಾ?

ಹೌದು, ವಾಪಸ್ ಕೊಡಿ. ಬೇಜಾರು ಮಾಡಿಕೊಂಡರೆ "ಮನೆಗೆ ಬಂದಾಗ ತಿಂತೀನಿ" ಅನ್ನಿ. ಮುಂದಿನ ಸಲ ಅವರ ಅರ್ಜಿ ಮೇಲೆ ಬರೋದು ಮೆಣಸಿನ ತೂಕದಿಂದ ಆಗಬಾರದು.

## ಬಿಡೋದು, ಮುಂದಕ್ಕೆ ಹೋಗೋದು

ಮಧ್ಯದಲ್ಲಿ ಬೇರೆ ಕೆಲಸ ಸಿಕ್ಕಿದ್ರೆ ಬಿಡಬಹುದಾ?

ಬಿಡಬಹುದು. ಆದರೆ ಅದು ನೋಂದಣಿಯಾದ ಒಪ್ಪಂದ, ಸುಮ್ನೆ ಬರೋದು ನಿಲ್ಲಿಸಬೇಡಿ. ಲಿಖಿತವಾಗಿ ಕೊಟ್ಟು, ಪೋರ್ಟಲ್‌ನಲ್ಲೂ ಒಪ್ಪಂದ ಮುಕ್ತಾಯ ಮಾಡಿಸಿಕೊಳ್ಳಿ.

ಇದು ಮಾಡಿದ್ರೆ ಪಿಡಿಒ, ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಪರೀಕ್ಷೆಯಲ್ಲಿ ಮಾರ್ಕ್ಸ್ ಸಿಗುತ್ತಾ?

ಅಪ್ರೆಂಟಿಸ್ ಆಗಿದ್ದಕ್ಕೆ ಅಂತ ಬೇರೆ ಅಂಕ ಇಲ್ಲ. ಎಲ್ಲರ ಹಾಗೆ ಕೆಪಿಎಸ್‌ಸಿ ಪರೀಕ್ಷೆ ಬರೆಯಬೇಕು. ಆದರೆ ಓದುವಾಗ ವ್ಯತ್ಯಾಸ ಗೊತ್ತಾಗುತ್ತದೆ. ಬೇರೆಯವರು ಜಮಾಬಂದಿ ಅಂದರೆ ಏನು ಅಂತ ಬಾಯಿಪಾಠ ಮಾಡುವಾಗ, ನಿಮಗೆ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪಂಚಾಯ್ತಿ ಹಾಲ್‌ನಲ್ಲಿ ಲೆಕ್ಕದ ಪುಸ್ತಕ ಹರಡಿಕೊಂಡು ಕೂತ ದಿನ ನೆನಪಾಗುತ್ತದೆ. ಪರೀಕ್ಷೆ ಆಗದಿದ್ದರೂ ಸಹಕಾರ ಸಂಘ, ಎಸ್ಟೇಟ್ ಆಫೀಸು, ಗ್ರಾಮ ಒನ್ ಕೇಂದ್ರ, ಆಡಿಟರ್ ಕಚೇರಿ, ಇಲ್ಲೆಲ್ಲ ಕಡತ ಇಡೋಕೆ, ಪತ್ರ ಬರೆಯೋಕೆ ಬರುವವರು ಬೇಕು. ನನ್ನ ಸಂದರ್ಶನದಲ್ಲಿ ಕೇಳಿದ್ದು ಒಂದೇ: "ಹಿಂಬರಹ ಬರೆಯೋಕೆ ಬರುತ್ತಾ?" ಅಲ್ಲೇ ಬರೆದು ತೋರಿಸಿದೆ.

ವರ್ಷ ಮುಗೀತು, ಸರ್ಟಿಫಿಕೇಟ್ ಬಂದಿಲ್ಲ. ಯಾರನ್ನ ಕೇಳೋದು?

ಪದವಿ, ಡಿಪ್ಲೊಮಾದವರ ಪ್ರಮಾಣಪತ್ರ ಚೆನ್ನೈನಲ್ಲಿರೋ ದಕ್ಷಿಣ ವಲಯದ ಅಪ್ರೆಂಟಿಸ್ ತರಬೇತಿ ಮಂಡಳಿಯಿಂದ ಬರುತ್ತದೆ. ತಡವಾದರೆ ಮೊದಲು ನಿಮ್ಮ ಕಚೇರಿಯಲ್ಲೇ ಕೇಳಿ. ಪೋರ್ಟಲ್‌ನಲ್ಲಿ ನಿಮ್ಮ ತರಬೇತಿ ಮುಗಿದಿದೆ ಅಂತ ಅವರು ಗುರುತು ಹಾಕದಿದ್ದರೆ ಚೆನ್ನೈಗೆ ಫೋನ್ ಮಾಡಿ ಏನೂ ಪ್ರಯೋಜನ ಇಲ್ಲ. ಕೊನೇ ವಾರ ಬಿಡುಗಡೆ ಪತ್ರ, ಹಾಜರಾತಿಯ ಪ್ರತಿ, ಸ್ಟೈಪೆಂಡ್ ಬಂದ ಬ್ಯಾಂಕ್ ಪಾಸ್‌ಬುಕ್ ಪುಟ, ಮೂರನ್ನೂ ಜೋಡಿಸಿ ಇಟ್ಟುಕೊಳ್ಳಿ. ಸರ್ಟಿಫಿಕೇಟ್ ಕೇಳಿ ಅರ್ಜಿ ಕೊಟ್ಟರೆ ಆವಕ ನಂಬರ್ ಬರೆಸಿಕೊಳ್ಳಿ. ಆ ಕಾಗದ ಯಾವ ಮೇಜಲ್ಲಿ ಕೂತಿರುತ್ತದೆ ಅಂತ ಈಗ ನಿಮಗೇ ಗೊತ್ತು.